ಮಂದಿ ಮುಂದ ಬರದ ನಾಯಕರು: ಸಭಾ ಖರೇದೋ, ಜೋಡಿಸಿದ್ದೋ ಹೆಂಗ ಗುರ್ತು ಹಿಡಿಯೋದು?

ಕೃಷ್ಣಾದಂಡಿ (ಜಮಖಂಡಿ) ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಹೆಸರು, ಪಕ್ಷ ಎತ್ತೂದು ಬ್ಯಾಡ, ಈ ರೋಗ ಎಲ್ಲಾ ಪಕ್ಷಕ್ಕೂ ಐತಿ. ಮಂದಿ ಸಿಟ್ಟಿಗೆದ್ದಾರ ಅಂತ ವಾಸನಿ ಹತ್ತಿದ ಕೂಡ್ಲೆ ಆರಿಸಿ ಬಂದವರು ಊರೊಳಗ ಕಾಲಿಡೂದು ಬಿಡ್ತಾರ. ಆದ್ರ ಫೇಸ್‌ಬುಕ್ ತೆರದ್ರ ದಿನಾ ಮಂದಿ ನಡುವನ ಇರ್ತಾರ: ಮುದಕಿ ಕೈ ಹಿಡದದ್ದು, ಅರ್ಜಿ ಓದಾಕತ್ತಿದ್ದು, ಕಬ್ಬಿನ ಪಡದಾಗ ನಿಂತದ್ದು. ಖರೇ ಜನಸ್ಪಂದನ ಯಾವುದು, ಫೋಟೋಕ್ಕಂತ ಜೋಡಿಸಿದ್ದು ಯಾವುದು, ಹೊರಗ ನಿಂತು ನೋಡೋರು ಹೆಂಗ ತಿಳ್ಕೋಬೇಕು? "ಹತ್ತು ಸಾವಿರ ಜನ ಸೇರಿದ್ದರು" ಅಂತ ಪ್ರೆಸ್ ನೋಟ್ ಬಂದ್ರ ಲೆಕ್ಕಾ ತಾಳಿ ನೋಡಾಕ ದಾರಿ ಐತೇನು? ಮುಖ್ಯ ಮಾತಂದ್ರ, ತಪ್ಪಿಸ್ಕೊಂಡು ತಿರುಗೋರನ್ನ ಕಾಯ್ದೆ ಪ್ರಕಾರ ಎಲ್ಲಿ ಕುಂಡ್ರಿಸಿ ಕೇಳಬಹುದು? ಘೇರಾವ್, ಕರಿ ಬಾವುಟ ಬಿಟ್ಟು ಹೇಳ್ರಿ. ಅವು ಒಂದಿನದ ಸುದ್ದಿ.

ಮೈಕ್‌ಟೆಸ್ಟಿಂಗ್ (ವಿಜಯಪುರ):

ದಂಡಿ ಅಣ್ಣಾರ, ವೇದಿಕೆ ನೋಡಬ್ಯಾಡ್ರಿ, ಮೈಕ್ ಯಾರ ಕೈಯಾಗ ಐತಿ ನೋಡ್ರಿ. ಖರೇ ಸಭಾದಾಗ ಮೈಕ್ ಮಂದ್ಯಾಗ ಓಡಾಡತೈತಿ, ಕೇಳೋರು ಅದನ್ನ ತಮ್ಮ ಕೈಯಾಗ ತಗೋತಾರ. ಜೋಡಿಸಿದ ಸಭಾದಾಗ ನಿರೂಪಕರು ಮೈಕ್ ಬಿಡಂಗಿಲ್ಲ, ಕೇಳೋರ ಬಾಯಿಗೆ ಹಿಡದು, ಮಾತು ದಾರಿ ತಪ್ಪಿದ್ರ ಜಗ್ಗಿಕೋತಾರ. ಕೇಳೋರ ಹೆಸರನ್ನ ನಿರೂಪಕರು ಚೀಟಿ ನೋಡಿ ಕರದ್ರು ಅಂದ್ರ ಆ ಪಟ್ಟಿ ಮುಂಜಾನಿನ ತಯಾರಾಗೇತಿ ಅಂತ ತಿಳೀರಿ.

ಎರಡನೇದು ಫಲಾನುಭವಿಗಳು. ಒಂದೊಂದು ಇಲಾಖೆಗೆ ಇಷ್ಟು ಹೆಸರು ಕೊಡ್ರಿ ಅಂತ ಹೇಳಿರ್ತಾರ. ಹೊಲಿಗಿ ಯಂತ್ರಕ್ಕ ಇಬ್ಬರು, ಪಿಂಚಣಿ ಆದೇಶಕ್ಕ ಮೂವರು, ತ್ರಿಚಕ್ರ ವಾಹನಕ್ಕ ಒಬ್ಬರು. ಆ ಆದೇಶ ಪತ್ರದ ಮ್ಯಾಲಿನ ತಾರೀಖು ನೋಡ್ರಿ. ಸಭಾಕ್ಕಿಂತ ಮೂರ್ನಾಕು ವಾರ ಹಿಂದಿನದು ಇದ್ರ, ಮಂಜೂರಾದ ಪಿಂಚಣಿಯನ್ನ ಫೋಟೋಕ್ಕಂತ ತಡದಾರ ಅಂತ ಅರ್ಥ. ಅವತ್ತು ವೇದಿಕೆ ಮ್ಯಾಲ ಬಗೆಹರಿದ ಸಮಸ್ಯಾ ಅಲ್ಲದು, ಅವತ್ತು ಹಂಚಿದ ಕಾಗದ.

ಮೂರನೇದು ಜಾಗಾ. ವೇದಿಕೆ ಮುಂದ ಬ್ಯಾರಿಕೇಡ್ ಹಾಕಿ ಖಾಲಿ ಬಿಡೋ ಪಟ್ಟಿಗೆ ಡಿ ಅಂತಾರ. ಭದ್ರತೆಗೆ ಅದು ಬೇಕು, ತಕರಾರಿಲ್ಲ. ಅದರ ಹಿಂದ ಯಾರು ಕುಂತಾರ? ಸೋಫಾದಾಗ ಅಧಿಕಾರಿಗಳು, ಅದರ ಹಿಂದ ಒಂದ ಬಣ್ಣದ ಸೀರಿ ಉಟ್ಟ ಅಂಗನವಾಡಿ, ಆಶಾ, ಸಂಘದ ಹೆಣ್ಮಕ್ಕಳು, ಕಟ್ಟಕಡೀಗೆ ಅರ್ಜಿ ಹಿಡಕೊಂಡು ಬಂದ ರೈತರು. ಅರ್ಜಿ ಕೌಂಟರ್ ಪೆಂಡಾಲಿನ ಹೊರಗ, ಬ್ಯಾರೆ ಗೇಟಿನ ಕಡೆ ಇತ್ತಂದ್ರ ಅರ್ಜಿಗೂ ನಾಯಕರಿಗೂ ಭೆಟ್ಟಿನ ಆಗಂಗಿಲ್ಲ. ಹೆಸರು "ಅಹವಾಲು ಸ್ವೀಕಾರ", ಸ್ವೀಕಾರ ಮಾಡೋವ ಮಾತ್ರ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್.

ಪ್ರವಾಸ ಪಟ್ಟಿ ಸಿಕ್ರ ಓದ್ರಿ, ಅಧಿಕಾರಿಗಳು ಅದಕ್ಕ ಟಿಪಿ ಅಂತಾರ. 11.00ಕ್ಕ ಹೆಲಿಪ್ಯಾಡ್, 11.15ಕ್ಕ ಉದ್ಘಾಟನೆ, 12.30ಕ್ಕ ನಿರ್ಗಮನ ಅಂತ ಇದ್ದು, ಸ್ವಾಗತ, ದೀಪ, ಸನ್ಮಾನ, ಭಾಷಣ ಎಲ್ಲಾ ಕಳದ್ರ ಮಂದೀಗೆ ಉಳಿಯೋದು ಹತ್ತು ಮಿನಿಟು. ಉಳಿದ ದಿನದ ಮುಂದ "ಕಾಯ್ದಿರಿಸಿದೆ" ಅಂತ ಒಂದ ಶಬ್ದ ಇರತೈತಿ. ಯಾರಿಗೆ ಕಾಯ್ದಿರಿಸಿದ್ದು ಅಂತ ಕೇಳೋ ಪದ್ಧತಿ ನಮ್ಮಲ್ಲಿಲ್ಲ ಬಿಡ್ರಿ. ಆಲಮಟ್ಟಿಗೆ ಬಾಗಿನ ಬಿಡಾಕ ಬರೋ ದಿನದ ಪಟ್ಟಿ ತಗೊಂಡು ಮುಳುಗಡೆ ಸಂತ್ರಸ್ತರ ಭೆಟ್ಟಿಗೆ ಎಷ್ಟು ಮಿನಿಟು ಇಟ್ಟಾರ ಹುಡುಕ್ರಿ, ಎಲ್ಲಾ ತಿಳೀತೈತಿ.

ಇಂಥಾ ಸಭಾ ಕೆಡೋದು ಹೆಚ್ಚಾಗಿ ಹೊತ್ತಿನ ಮ್ಯಾಲ. ಬಸ್ಸು ಊರು ಬಿಡೋದು 8ಕ್ಕ, ನಾಯಕರು ಮುಟ್ಟೋದು 1.30ಕ್ಕ. ಊಟದ ಪಾಕೀಟು 12ಕ್ಕ ಕೊಟ್ರ 1ಕ್ಕ ಹಿಂದಿನ ಕುರ್ಚಿ ಖಾಲಿ. ಅದಕ್ಕ ಪಳಗಿದವರು ಭಾಷಣ ಮುಗಿಯೋತನಕ ಊಟ ಬಿಡಂಗಿಲ್ಲ. ಆಗ ನೀರಿನ ತಾಪತ್ರಯ. ನಮ್ಮ ಕಡೆ ಬ್ಯಾಸಿಗ್ಯಾಗ ತಾಸಿಗೆ ಒಬ್ಬರಿಗೆ ಅರ್ಧ ಲೀಟರ್ ಹಿಡದ್ರೂ 3,000 ಮಂದೀಗೆ ನಾಕು ತಾಸಿಗೆ 6,000 ಲೀಟರ್ ಬೇಕು, ಅಂದ್ರ ಒಂದು ಟ್ಯಾಂಕರ್ ಮ್ಯಾಲ. ತರೋದು ಐವತ್ತು ಕ್ಯಾನು. ಬಿಸಲಿನ ಮಾತು ಹಗುರ ತಗೋಬ್ಯಾಡ್ರಿ: 2023ರ ಏಪ್ರಿಲ್ 16ಕ್ಕ ನವಿ ಮುಂಬೈದ ಖಾರ್ಘರ್‌ದಾಗ ಸರ್ಕಾರದ ಪ್ರಶಸ್ತಿ ಸಮಾರಂಭಕ್ಕ ಬಯಲಾಗ ಮಂದಿ ಕುಂಡ್ರಿಸಿ 14 ಜನ ಬಿಸಲು ಬಡದು ಸತ್ರು. ಅಲ್ಲಿ ಬಂದವರು ಭಕ್ತಿಲೆ ಬಂದವರು, ಜುಲುಮಿಲೆ ಅಲ್ಲ. ಆದ್ರೂ ವೇದಿಕೆಗೆ ನೆಳ್ಳು, ಮಂದೀಗೆ ಬಿಸಲು ಅನ್ನೋ ಲೆಕ್ಕಾ ಅದ.

ಗೋಳಗುಮ್ಮಟ:

ಜನರ ಎಣಿಕೆ ಬಗ್ಗೆ ಹೇಳುತ್ತೇನೆ, ಇದಕ್ಕೆ ಬೇಕಾಗುವುದು ಕಾಗದ, ಪೆನ್ನು ಮಾತ್ರ. 1960ರ ದಶಕದಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಿಕೋದ್ಯಮದ ಪ್ರಾಧ್ಯಾಪಕರು ಅಮೆರಿಕದ ಬರ್ಕ್ಲಿಯಲ್ಲಿ ರೂಪಿಸಿದ ಲೆಕ್ಕ ಇದು. ನಿಂತ ಜನ ವಿರಳವಾಗಿದ್ದರೆ ಒಬ್ಬರಿಗೆ 10 ಚದರ ಅಡಿ, ಒತ್ತಾಗಿದ್ದರೆ 4.5, ಕಾಲಿಡಲೂ ಜಾಗವಿಲ್ಲದಂತಿದ್ದರೆ 2.5. ಕುರ್ಚಿ ಹಾಕಿದ ಸಭೆಗೆ ಓಡಾಡುವ ದಾರಿ ಸೇರಿಸಿ ಒಬ್ಬರಿಗೆ 7 ಚದರ ಅಡಿ ಹಿಡಿದರೆ ಹೆಚ್ಚು ತಪ್ಪಾಗುವುದಿಲ್ಲ.

ಪೆಂಡಾಲಿನ ಅಳತೆಗೆ ಟೇಪು ಬೇಡ. ಕಂಬದಿಂದ ಕಂಬಕ್ಕೆ ಎಷ್ಟು ಅಡಿ ಎಂದು ಹಾಕಿದವರನ್ನೇ ಕೇಳಿ, ಇಲ್ಲವೇ ಒಂದು ಅಂಕಣವನ್ನು ಹೆಜ್ಜೆಯಲ್ಲಿ ಅಳೆಯಿರಿ. 20 ಅಡಿ ಎಂದಿಟ್ಟುಕೊಳ್ಳೋಣ. ಅಗಲಕ್ಕೆ 5 ಅಂಕಣ, ಉದ್ದಕ್ಕೆ 8 ಎಂದರೆ 100×160, ಒಟ್ಟು 16,000 ಚದರ ಅಡಿ. ವೇದಿಕೆ, ಡಿ, ಸೋಫಾ ಸಾಲು ಸೇರಿ 2,000 ಕಳೆದರೆ ಉಳಿದದ್ದು 14,000. ಅಂದರೆ 2,000 ಕುರ್ಚಿ. ಹೊರಗೆ ನಿಂತವರು ಇನ್ನೊಂದು ಸಾವಿರ ಇದ್ದರೂ ಮೂರು ಸಾವಿರ ದಾಟುವುದಿಲ್ಲ. ಈಗ ಬಸ್ ಎಣಿಸಿ: 40 ಬಸ್, ಒಂದಕ್ಕೆ 55 ಜನ, 2,200. ಎರಡು ಬೇರೆ ಬೇರೆ ದಾರಿಯ ಲೆಕ್ಕ ಹತ್ತಿರ ಬಂದರೆ ನಂಬಿ. ಕುರ್ಚಿಯ ಲೆಕ್ಕಕ್ಕೂ ಬಸ್ಸಿನ ಲೆಕ್ಕಕ್ಕೂ ಅಂತರವೇ ಇಲ್ಲದಿದ್ದರೆ ಇನ್ನೊಂದು ವಿಷಯವೂ ತಿಳಿಯುತ್ತದೆ: ತಾವಾಗಿಯೇ ನಡೆದು ಬಂದವರು ಬಹಳ ಕಡಿಮೆ.

ಫೋಟೋ ಓದುವುದು ಹೀಗೆ. ದೂರದಿಂದ ಟೆಲಿ ಲೆನ್ಸ್ ಹಾಕಿ ತೆಗೆದರೆ ಸಾಲುಗಳ ನಡುವಿನ ಜಾಗ ಮುಚ್ಚಿಹೋಗಿ ಮುನ್ನೂರು ಜನ ಮೂರು ಸಾವಿರದಂತೆ ಕಾಣುತ್ತಾರೆ. ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದು, ಚಿತ್ರದ ಅಂಚಿನಲ್ಲಿ ನೆಲ ಕಾಣದಿದ್ದರೆ ಅನುಮಾನಿಸಿ. ಡ್ರೋನ್ ಇದ್ದೂ ಮೇಲಿನಿಂದ ತೆಗೆದ ಒಂದು ಚಿತ್ರವನ್ನೂ ಹಾಕಿಲ್ಲವೆಂದರೆ ಅದೇ ಉತ್ತರ. "ಮೂರು ಹಳ್ಳಿಗಳಲ್ಲಿ ಜನರೊಂದಿಗೆ ಸಂವಾದ" ಎಂಬ ಪೋಸ್ಟಿನಲ್ಲಿ ಒಂದೇ ಸೀರೆ, ಒಂದೇ ಟೋಪಿ ಮತ್ತೆ ಮತ್ತೆ ಬರುತ್ತದೆಯೇ, ನೆರಳಿನ ಉದ್ದ ಹೇಳಿದ ಸಮಯಕ್ಕೆ ಹೊಂದುತ್ತದೆಯೇ ನೋಡಿ. ಮಧ್ಯಾಹ್ನ 12ರ ಸಭೆಯಲ್ಲಿ ಆಳುದ್ದ ನೆರಳು ಬೀಳುವುದಿಲ್ಲ.

ಹಳೇಪೇಪರ್ (ಇಳಕಲ್ಲ):

ಇದು ನಮ್ಮ ದೇಶದ್ದಷ್ಟ ಚಾಳಿ ಅಲ್ರಿ. ಈ ಕಸುಬಿನ ಬಾರೀಕ ಕೆಲಸ ನೋಡಬೇಕಂದ್ರ ಅಮೆರಿಕದ ಜಾರ್ಜ್ ಡಬ್ಲ್ಯೂ. ಬುಷ್ ಕಾಲದ್ದು ನೋಡಬೇಕು. 2003ರ ಜನವರಿಯೊಳಗ ಸೇಂಟ್ ಲೂಯಿಸ್‌ದ ಒಂದು ಗೋದಾಮಿನ್ಯಾಗ ಭಾಷಣ ಇತ್ತು. ಹಿಂದಿನ ಪರದೆ ಮ್ಯಾಲ "ಅಮೆರಿಕದಲ್ಲಿ ತಯಾರಾದದ್ದು" ಅಂತ ಬರದ ಡಬ್ಬಿ ಚಿತ್ರ. ಖರೇ ಡಬ್ಬಿ ಮ್ಯಾಲ "ಚೀನಾದಲ್ಲಿ ತಯಾರಾದದ್ದು" ಅಂತ ಇತ್ತು, ಅದಕ್ಕ ಕಾಗದ ಅಂಟಿಸಿ ಮುಚ್ಚಿದ್ರು. ಅದ ವರ್ಷ ಇಂಡಿಯಾನಾಪೊಲಿಸ್‌ದಾಗ ತೆರಿಗೆ ಕಡಿತದ ಭಾಷಣಕ್ಕ, ಅಧ್ಯಕ್ಷರ ಹಿಂದ ಟಿವಿಯೊಳಗ ಕಾಣೋ ಮಂದೀಗೆ ಟೈ ಬಿಚ್ಚರಿ ಅಂತ ಹೇಳಿದ್ರು, ಸಾದಾ ಮಂದಿ ಹಂಗ ಕಾಣಬೇಕಲ್ಲ. 2004ರೊಳಗ ನ್ಯೂ ಮೆಕ್ಸಿಕೋದಾಗ ಉಪಾಧ್ಯಕ್ಷ ಚೇನಿ ಸಭಾಕ್ಕ ಪಾಸ್ ಬೇಕಂದ್ರ ಗುರ್ತಿಲ್ಲದವರು "ನಾವು ಬುಷ್‌ಗೆ ಬೆಂಬಲ ಕೊಡ್ತೀವಿ" ಅಂತ ಸಹಿ ಹಾಕಬೇಕಿತ್ತು. 2005ರ ಅಕ್ಟೋಬರ್ 13ಕ್ಕ ಇರಾಕಿನ ತಿಕ್ರಿತ್‌ದಾಗಿನ ಸೈನಿಕರ ಜೋಡಿ ಅಧ್ಯಕ್ಷರ ವಿಡಿಯೋ ಮಾತುಕತಿ ಇತ್ತು. ಯಾವ ಪ್ರಶ್ನಾಕ್ಕ ಯಾರು ಉತ್ತರ ಕೊಡಬೇಕು ಅಂತ ಮೊದಲ ತಾಲೀಮು ನಡೀತು. ಆ ತಾಲೀಮು ಉಪಗ್ರಹದ ಮ್ಯಾಲ ಪತ್ರಕರ್ತರಿಗೂ ಕಂಡಬಿಡ್ತು!

ಇಂಥಾ ಸಭಾ ಪೂರ್ತಿ ಕೈ ಕೊಟ್ಟದ್ದಂದ್ರ ರುಮೇನಿಯಾದ ರಾಜಧಾನಿ ಬುಖಾರೆಸ್ಟ್‌ದಾಗ. 1989ರ ಡಿಸೆಂಬರ್ 21ಕ್ಕ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು, ಕಾರ್ಖಾನಿಗಳಿಂದ ಕಾರ್ಮಿಕರನ್ನ ಕರೆಸಿ, ಕೈಯಾಗ ಫಲಕ, ಭಾವಚಿತ್ರ ಕೊಟ್ಟು ನಿಲ್ಲಿಸಿದ. ಟಿವಿ ನೇರ ಪ್ರಸಾರ. ಭಾಷಣದ ನಡುವ ಹಿಂದಿನಿಂದ ಕೂಗು ಎದ್ದು, ಅಂವ ಕೈ ಎತ್ತಿ "ಸುಮ್ಮನಿರ್ರಿ" ಅನ್ನೋದು ಇಡೀ ದೇಶಕ್ಕ ಕಾಣ್ತು. ಪ್ರಸಾರ ಕಡಿದ್ರು, ತಡ ಆಗಿತ್ತು. ಮರುದಿನ ಮಾಳಿಗಿ ಮ್ಯಾಲಿಂದ ಹೆಲಿಕಾಪ್ಟರ್‌ದಾಗ ಓಡಿದ, 25ಕ್ಕ ಗುಂಡು. ವರ್ಷಗಟ್ಟಲೆ ಬಾಡಿಗಿ ಚಪ್ಪಾಳಿ ಕೇಳಿ ಕೇಳಿ, ಮಂದಿ ಸಿಟ್ಟು ಎಷ್ಟು ಅಂತ ಅವನಿಗ ಗೊತ್ತಿರಲಿಲ್ಲ. ಜೋಡಿಸಿದ ಸಭಾ ಮೊದಲು ಮೋಸ ಮಾಡೋದು ಜೋಡಿಸಿದವನಿಗೇ.

ಅರ್ಜಿಎಣಿಸೋರು:

ಹಳೇಪೇಪರ್ ಅವರೇ, ಚೌಷೆಸ್ಕುವನ್ನು ನಮ್ಮ ತಾಲ್ಲೂಕಿನ ಶಾಸಕರಿಗೆ ಹೋಲಿಸುವುದು ಅತಿಯಾಯಿತು. ಇನ್ನೊಂದು ಮಗ್ಗುಲೂ ಇದೆ. ಒಂದು ಜನಸ್ಪಂದನಕ್ಕೆ 500 ಅರ್ಜಿ ಬಂದವೆನ್ನಿ. ಒಂದಕ್ಕೆ ಎರಡೇ ನಿಮಿಷ ಕೊಟ್ಟರೂ 1,000 ನಿಮಿಷ, ಅಂದರೆ 16 ತಾಸಿಗೂ ಹೆಚ್ಚು. ಟೋಕನ್, ಕೌಂಟರ್, ಇಲಾಖಾವಾರು ಟೇಬಲ್ ಇಡುವುದು ತಪ್ಪಿಸಿಕೊಳ್ಳಲು ಅಂತಲೇ ಅಲ್ಲ, ಬೇರೆ ದಾರಿಯೇ ಇಲ್ಲ. ಟೋಕನ್ ಇರುವುದು ತಪ್ಪಲ್ಲ, ಟೋಕನ್ ಸಂಖ್ಯೆ ಎಲ್ಲೂ ದಾಖಲಾಗದಿರುವುದು ತಪ್ಪು. ಅರ್ಜಿ ಜನಸ್ಪಂದನ ಪೋರ್ಟಲ್‌ಗೆ ಏರಿ ನೋಂದಣಿ ಸಂಖ್ಯೆ ಬಂದರೆ 1902ಕ್ಕೆ ಕರೆ ಮಾಡಿ ಸ್ಥಿತಿ ಕೇಳಬಹುದು. ಸಂಖ್ಯೆ ಕೊಡದೆ "ನೋಡ್ತೀವಿ ಹೋಗ್ರಿ" ಎಂದರೆ ಆ ಅರ್ಜಿ ಸಂಜೆಗೇ ಸತ್ತಿತು.

ಆವಕಜಾವಕ (ಬೆಳಗಾವಿ):

ಪ್ರಶ್ನೆಯ ಮುಖ್ಯ ಭಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಮೊದಲು ಒಂದು ಕಹಿ ಮಾತು: ಶಾಸಕರು ಕ್ಷೇತ್ರಕ್ಕೆ ಇಷ್ಟು ದಿನ ಬರಲೇಬೇಕು ಎಂಬ ಕಾನೂನು ಇಲ್ಲ. ಸಂವಿಧಾನದ 190(4)ನೇ ವಿಧಿ ಇರುವುದು ಸದನದ ಬಗ್ಗೆ. ಅನುಮತಿಯಿಲ್ಲದೆ 60 ದಿನ ಸದನಕ್ಕೆ ಗೈರಾದರೆ ಸ್ಥಾನ ಖಾಲಿ ಎಂದು ಘೋಷಿಸಬಹುದು. ಊರಿಗೆ ಗೈರಾದರೆ ಏನೂ ಇಲ್ಲ. ಶಾಸಕರನ್ನು ವಾಪಸ್ ಕರೆಸುವ ಹಕ್ಕೂ ನಮಗಿಲ್ಲ. ಹಾಗಾಗಿ ಅವರ ಬೆನ್ನು ಹತ್ತುವುದಕ್ಕಿಂತ, ಅವರು ಸಹಿ ಹಾಕಿ ಕುಳಿತುಕೊಳ್ಳಬೇಕಾದ ಜಾಗ ಹಿಡಿಯುವುದು ಮೇಲು.

ಅಂಥ ಜಾಗ ತಾಲ್ಲೂಕು ಮಟ್ಟದ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನಾ ಸಭೆ. ಮೂರು ತಿಂಗಳಿಗೊಮ್ಮೆ ನಡೆಯಬೇಕು, ಅಧ್ಯಕ್ಷತೆ ಶಾಸಕರದು. ಇದರ ನಡಾವಳಿ ಇರುತ್ತದೆ, ಹಿಂದಿನ ಸಭೆಯಲ್ಲಿ ಹೇಳಿದ್ದು ಏನಾಯಿತು ಎಂಬುದಕ್ಕೆ ಅನುಪಾಲನಾ ವರದಿ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಇವೆರಡನ್ನೂ ಹಾಜರಾತಿ ಪಟ್ಟಿಯ ಸಮೇತ ಕೇಳಿ. ಎರಡು ವರ್ಷದ ನಡಾವಳಿ ಪಕ್ಕಪಕ್ಕ ಇಟ್ಟರೆ "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಒಂದೇ ಸಾಲು ಎಷ್ಟು ಸಲ ನಕಲಾಗಿದೆ ಎಂದು ಕಾಣುತ್ತದೆ. ಆ ಹಾಳೆಗಿಂತ ದೊಡ್ಡ ಬ್ಯಾನರ್ ಬೇಕಿಲ್ಲ. ಇದರ ಜೊತೆಗೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ ರೂಪಾಯಿ. ಹಣ ಬಿಡುಗಡೆ ಜಿಲ್ಲಾಧಿಕಾರಿ ಕಚೇರಿ ಮೂಲಕ, ಕಾಮಗಾರಿವಾರು ಪಟ್ಟಿ ಅಲ್ಲೇ ಸಿಗುತ್ತದೆ.

ಅರ್ಜಿ ಬರೆಯುವ ಕ್ರಮ: ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ತಕರಾರು ಕಡಿಮೆ. "ಯಾಕೆ ಬರಲಿಲ್ಲ", "ಇದು ಸರಿಯೇ" ಎಂದು ಕೇಳಬೇಡಿ. ಅದು ಮಾಹಿತಿ ಅಲ್ಲ ಎಂದು ಒಂದೇ ಗೆರೆಯಲ್ಲಿ ತಳ್ಳುತ್ತಾರೆ. "ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬರೆಯಿರಿ. 30 ದಿನಕ್ಕೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇರುವುದರಿಂದ ಬೆಂಗಳೂರಿಗೆ ಅಲೆಯುವ ಚಿಂತೆ ಬೇಡ. ಹೆಚ್ಚಿನ ಅರ್ಜಿಗಳು ಸೋಲುವುದು ಉತ್ತರ ಸಿಗದ್ದಕ್ಕಲ್ಲ, ಮೇಲ್ಮನವಿಯ ದಿನ ತಪ್ಪಿದ್ದಕ್ಕೆ. ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ.

ಗ್ರಾಮ ಸಭೆಯನ್ನು ಜನ ಹಗುರವಾಗಿ ನೋಡುತ್ತಾರೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಮತದಾರರ ಹತ್ತರಲ್ಲೊಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಶಾಸಕರು ಅಲ್ಲಿಗೆ ಬರಬೇಕೆಂದಿಲ್ಲ, ಆದರೆ ಅಲ್ಲಿನ ಠರಾವು ಅವರ ಟೇಬಲ್ಲಿಗೆ ಹೋಗಬಹುದು. "ನಮ್ಮ ಊರಿನ ಕುಡಿಯುವ ನೀರಿನ ವಿಷಯ ಮುಂದಿನ ಕೆಡಿಪಿ ಸಭೆಯಲ್ಲಿ ತೆಗೆದುಕೊಳ್ಳಬೇಕು" ಎಂದು ಠರಾವು ಮಾಡಿಸಿ, ಸಭೆ ಮುಗಿಯುವ ಮುಂಚೆ ಓದಿಸಿ, ನಂತರ ಸಹಿ ಹಾಕಿ. ಆಗುವ ಮೋಸ ಎರಡು. ಸಭೆಯ ಮರುದಿನ ಮನೆಮನೆಗೆ ರಿಜಿಸ್ಟರ್ ಒಯ್ದು ಸಹಿ ಪಡೆದು ಕೋರಂ ತುಂಬಿಸುವುದು, ಮತ್ತು ಸಹಿಯ ಮೇಲೆ ಖಾಲಿ ಜಾಗ ಬಿಟ್ಟು ಆಮೇಲೆ ಠರಾವು ಬರೆಯುವುದು. ಸಹಿಗೆ ಮುಂಚೆ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಸಿ, ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಕೊರತೆಯನ್ನೂ ಹೇಳಬೇಕು: ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಶಾಸಕರಿಗೂ ಗ್ರಾಮ ಪಂಚಾಯಿತಿಗೂ ನಡುವೆ ಎದುರು ನಿಂತು ಕೇಳುವ ಮೆಟ್ಟಿಲೇ ಇಲ್ಲವಾಯಿತು. ನಾಯಕರು ದೂರವಾದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಕೃಷ್ಣಾದಂಡಿ:

ಭಾಳ ಉಪಕಾರ ಆತ್ರಿ ಸರ್. ಇನ್ನೆರಡು ಸಂಶಯ. ಸಭಾದ ಖರ್ಚು, ಬಸ್ಸಿನ ಬಾಡಿಗಿ ಯಾರ ಹಂತೇಕ ಕೇಳಬೇಕು? ಮತ್ತ ಸಭಾದ ಮುಂಜಾನಿ ರೈತ ಸಂಘದವರನ್ನ ಠಾಣೆಗೆ ಕರಕೊಂಡು ಹೋಗಿ ಸಂಜಿತನಕ ಕುಂಡ್ರಿಸ್ತಾರಲ್ಲ, ಅದಕ್ಕೇನು?

ಆವಕಜಾವಕ:

ಬಸ್ಸಿಗೆ: ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ ವಿಭಾಗಗಳು ವಾಯವ್ಯ ಸಾರಿಗೆಗೆ ಸೇರಿದ್ದು, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ. ವಿಜಯಪುರ ಕಂದಾಯ ವಿಭಾಗದಲ್ಲಿ ಬೆಳಗಾವಿಯೊಂದಿಗೆ ಇರುವುದರಿಂದ ಅನೇಕರು ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಗೆ ಅರ್ಜಿ ಹಾಕಿ ಒಂದು ತಿಂಗಳು ಕಳೆದುಕೊಳ್ಳುತ್ತಾರೆ. ಆಯಾ ವಿಭಾಗದ ಕಚೇರಿಗೇ ಹಾಕಿ, "ಇಂಥ ದಿನ ಸಾಂದರ್ಭಿಕ ಒಪ್ಪಂದದ ಮೇಲೆ ಕೊಟ್ಟ ಬಸ್‌ಗಳ ಸಂಖ್ಯೆ, ಬೇಡಿಕೆ ಪತ್ರ ಕೊಟ್ಟವರು, ಹಣ ಪಾವತಿಯ ರಸೀದಿ" ಎಂದು ಕೇಳಿ. ಪೆಂಡಾಲ್, ಊಟದ್ದು ಆಯೋಜಿಸಿದ ಇಲಾಖೆಯಲ್ಲಿ. ಬಿಲ್ಲಿನ ಜೊತೆಗೆ ಯಾವ ಲೆಕ್ಕ ಶೀರ್ಷಿಕೆಯಿಂದ ಖರ್ಚು ಹಾಕಿದರು, ಟೆಂಡರ್ ಕರೆದರೋ ಅಥವಾ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಪಡೆದರೋ ಎಂಬ ಆದೇಶದ ಪ್ರತಿ ಕೇಳಿ. ಕುರ್ಚಿಯ ಬಿಲ್ಲು ಸಿಕ್ಕರೆ ಗೋಳಗುಮ್ಮಟ ಅವರ ಲೆಕ್ಕಕ್ಕೆ ಮೂರನೇ ಸಾಕ್ಷಿ. ಐದು ಸಾವಿರ ಕುರ್ಚಿಯ ಬಿಲ್ಲು, ಎರಡು ಸಾವಿರ ಹಿಡಿಯುವ ಪೆಂಡಾಲು ಎಂದಾದರೆ ಅದು ಜನಪ್ರಿಯತೆಯ ಪ್ರಶ್ನೆ ಅಲ್ಲ, ಆಡಿಟ್ ಪ್ರಶ್ನೆ.

ಠಾಣೆಯ ವಿಷಯ: ಮುಂಜಾಗ್ರತಾ ಬಂಧನ ಈಗ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಂ, ಹಳೆಯ 151. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಮಾಡಲು ಹೊರಟಿದ್ದಾರೆ, ಬೇರೆ ರೀತಿ ತಡೆಯಲಾಗದು ಎಂದಾಗ ಮಾತ್ರ, 24 ತಾಸು ಮೀರುವಂತಿಲ್ಲ. ಮನವಿ ಕೊಡಲು ಹೊರಡುವುದು ಅಪರಾಧ ಅಲ್ಲ. "ಸುಮ್ನ ಚಾ ಕುಡದು ಹೋಗ್ರಿ" ಎಂದು ಕರೆದರೆ, ಇದು ಬಂಧನವೋ ಅಲ್ಲವೋ ಎಂದು ಮೊದಲು ಕೇಳಿ. ಬಂಧನವಾದರೆ ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು. ಅಲ್ಲವಾದರೆ ಎದ್ದು ಹೋಗಬಹುದು. ನಿಷೇಧಾಜ್ಞೆ ಇದೆ ಎಂದರೆ 163ನೇ ಕಲಮಿನ, ಅಂದರೆ ಹಳೆಯ 144ರ, ಲಿಖಿತ ಆದೇಶದ ಪ್ರತಿ ಕೇಳಿ. ಕಾಶ್ಮೀರದ ಇಂಟರ್ನೆಟ್ ಬಂದ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ನ್ಯಾಯಯುತ ಅಭಿಪ್ರಾಯ, ಅಹವಾಲು ಹತ್ತಿಕ್ಕಲು ಈ ಅಧಿಕಾರ ಬಳಸುವಂತಿಲ್ಲ.

ಹಲಗಾಬಸ್ತವಾಡ:

ಅಧಿವೇಶನದ ಮಾತು ಯಾರೂ ತಗೀಲಿಲ್ಲ. 2012ರೊಳಗ ಸುವರ್ಣ ವಿಧಾನಸೌಧ ಉದ್ಘಾಟನೆ ಆದ ಮ್ಯಾಲ ಚಳಿಗಾಲಕ್ಕ ಇಡೀ ಸರ್ಕಾರ ನಮ್ಮ ಬಾಗಲಾಗ ಬಂದು ಕುಂಡ್ರತೈತಿ. ಮಂದಿ ಟೆಂಟ್ ಹೊಡದು ಕುಂಡ್ರತಾರ, ಮಂತ್ರಿ ಬಂದು ಮನವಿ ತಗೊಂಡು "ಸಹಾನುಭೂತಿಲೆ ಪರಿಶೀಲಿಸ್ತೀವಿ" ಅಂತಾರ, ಫೋಟೋ ಆಗತೈತಿ, ಮುಗೀತು. ಟೆಂಟಿನಾಗ ಕೊಟ್ಟ ಮಾತಿಗೆ ಪುಸ್ತಕ ಇಲ್ಲ. ಅದ ಮಾತು ಸದನದೊಳಗ ಆಡಿದ್ರ ಕಡತಕ್ಕ ಏರತೈತಿ, ಸರ್ಕಾರಿ ಭರವಸೆಗಳ ಸಮಿತಿ ಅದನ್ನ ಬೆನ್ನು ಹತ್ತತೈತಿ. ಅದಕ್ಕ ಪ್ರಶ್ನೆ ಒಳಗ ಹೋಗಬೇಕು.

ನಿಮ್ಮ ಶಾಸಕರು ಕೇಳಂಗಿಲ್ಲ ಅಂದ್ರ ಪರಿಷತ್ತಿನವರನ್ನ ಹಿಡೀರಿ. ವಾಯವ್ಯ ಪದವೀಧರ, ವಾಯವ್ಯ ಶಿಕ್ಷಕರ ಕ್ಷೇತ್ರ ಎರಡೂ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾಕ್ಕ ಸೇರ್ಯಾವ, ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬಂದವರು ಬ್ಯಾರೆ ಅದಾರ. ಅಧಿವೇಶನಕ್ಕ ಒಂದು ತಿಂಗಳು ಮೊದಲ ಹೋಗಬೇಕು, ಪ್ರಶ್ನೆಗೆ ಮುಂಗಡ ನೋಟಿಸ್ ಬೇಕಾಗತೈತಿ. ಅಧಿವೇಶನ ಚಾಲೂ ಆದ ಮ್ಯಾಲ ಹೋದ್ರ ಶೂನ್ಯ ವೇಳೆ ಅಂತ ಸಮಾಧಾನ ಹೇಳಿ ಕಳಸ್ತಾರ. ಪ್ರಶ್ನಾ ನೀವ ಬರಕೊಂಡು ಒಯ್ರಿ: ಎಷ್ಟು, ಯಾವಾಗ, ಎಷ್ಟು ಬಾಕಿ. "ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಅಷ್ಟ ಕೇಳಿಸಿದ್ರ "ಬಂದಿದೆ" ಅಂತ ಉತ್ತರ ಬರತೈತಿ, ಅಲ್ಲಿಗೆ ಆತು.

ಇನ್ನ ಅಮೆರಿಕದ ಮಂದಿಯ ಒಂದು ಯುಕ್ತಿ, ಖಾಲಿ ಕುರ್ಚಿ ಸಭಾ, ನಮ್ಮಲ್ಲೂ ನಡೀತೈತಿ. 2025ರ ಮಾರ್ಚಿನಾಗ ಅಲ್ಲಿನ ರಿಪಬ್ಲಿಕನ್ ಪಕ್ಷದವರು ತಮ್ಮ ಸಂಸದರಿಗೆ ಎದುರಾ ಎದುರು ಸಭಾ ಬ್ಯಾಡ, ಫೋನಿನ ಮ್ಯಾಲ ಮಾಡ್ರಿ ಅಂತ ಸಲಹಾ ಕೊಟ್ರು. ಅಲ್ಲಿ ಮಂದಿ ತಾವ ಸಭಾ ಕರದು ಸಂಸದರ ಹೆಸರಿನ ಖಾಲಿ ಕುರ್ಚಿ ಇಟ್ರು. ಮಾಡೋದಾದ್ರ 15 ದಿನ ಮೊದಲ ಆಮಂತ್ರಣ ಪತ್ರ ಒಯ್ದು ಶಾಸಕರ ಕಚೇರಿಯೊಳಗ ಆವಕ ನಂಬರ್ (ಪತ್ರ ಮುಟ್ಟಿದ್ದಕ್ಕ ದಾಖಲೆ ಸಂಖ್ಯೆ) ಹಾಕಿಸ್ರಿ, ಎರಡು ತಾರೀಖು ಕೊಡ್ರಿ, ವೇದಿಕೆ ಬ್ಯಾಡ, ಗುಡಿ ಕಟ್ಟಿ ಸಾಕು. ತಹಶೀಲ್ದಾರರಿಗೆ, ಪಿಡಿಒಗೆ ಪ್ರತಿ ಕೊಡ್ರಿ. ಯಾವ ಪಕ್ಷದ ಶಾಲೂ ಕಾಣಬಾರದು, ಒಂದು ಕಂಡ್ರೂ "ವಿರೋಧಿಗಳ ಕುತಂತ್ರ" ಅಂತ ತಳ್ಳಿಬಿಡ್ತಾರ. ಬೈಯೋರಿಗೆ ಮೈಕ್ ಕೊಡಬ್ಯಾಡ್ರಿ, ಉತಾರ, ಆದೇಶದ ಪ್ರತಿ ಹಿಡಕೊಂಡು ಬಂದವರಿಗೆ ಕೊಡ್ರಿ. ಕಡಿಗೆ ಪ್ರಶ್ನಾ ಎಲ್ಲಾ ಒಂದು ಹಾಳಿಗೆ ಬರದು, ಬಂದವರ ಸಹಿ ಹಾಕಿಸಿ, ಮರುದಿನ ಅದ ಕಚೇರಿಗೆ ಒಯ್ದು ಇನ್ನೊಂದು ಆವಕ ನಂಬರ್.

ಮೈಕ್‌ಟೆಸ್ಟಿಂಗ್:

ಖಾಲಿ ಕುರ್ಚಿಗೆ ಚಪ್ಪಲಿ ಹಾರ ಹಾಕೋ ಶಾಣ್ಯಾ ಒಬ್ಬರೆ ಇರ್ತಾನ, ಅವನ ಮ್ಯಾಲ ಇಬ್ಬರನ್ನ ಇಡ್ರಿ. ಮರುದಿನ ಪೇಪರಿನ್ಯಾಗ ಹಾರ ಬರತೈತಿ, ಪ್ರಶ್ನಾ ಬರಂಗಿಲ್ಲ.